ಡಬ್ಬದಲ್ಲಿ ಸಿಕ್ಕಿದ ಬಳೆಚೂರು

ಗೇರುಬೀಜದ ಕಾರ್ಖಾನೆಗೆ ಹೊಸದಾಗಿ ಸೇರುವ ಹುಡುಗಿಯರು ಏನಾದರೂ ಬುದ್ಧಿಮಾತು ಹೇಳಿ ಎಂದು ಕೇಳಿದರೆ ನಾನು ಹೇಳುವುದು ಇಷ್ಟೇ: ಕೆಲಸದ ಹೊತ್ತಿನಲ್ಲಿ ಕಣ್ಣು ತುರಿಸಿದರೆ ಕೈ ಎತ್ತಬೇಡಿ. ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ದಿನ ಬೀಜ ಒಡೆಯುವ ಶೆಡ್ಡಿನೊಳಗೆ ಸುಮ್ಮನೆ ಒಂದು ಸುತ್ತು ಹಾಕಿ, ಅಲ್ಲಿನ ಒಂದು ಬೀಜವನ್ನು ಕುತೂಹಲಕ್ಕೆ ಹಿಡಿದು ನೋಡಿ, ಆಮೇಲೆ ಅದೇ ಬೆರಳಿನಿಂದ ಕಣ್ಣು ಒರೆಸಿಕೊಂಡವಳು ನಾನು. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುತ್ತದೆ. ರೆಪ್ಪೆ ಊದಿ ಕಣ್ಣು ಮುಚ್ಚಿಹೋಯಿತು. ವಾರ ಕಳೆದು ಮತ್ತೆ ಬಂದಾಗ ಅಲ್ಲಿನ ಹಳೆಯ ಕೆಲಸಗಾರ್ತಿ ಅಪ್ಪಿಯಕ್ಕ ನನ್ನ ಮುಖ ನೋಡಿ, "ಎಂತ ಬಾಯಮ್ಮ, ಬೀಜಕ್ಕೂ ನಿಮಗೂ ಪರಿಚಯ ಆಯಿತಲ್ವಾ?" ಎಂದು ಕೇಳಿದಳು.

ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ನನಗಾಗ ಇಪ್ಪತ್ತು ತುಂಬಿರಲಿಲ್ಲ. ಕಾರ್ಖಾನೆಯಲ್ಲಿ ನಾವೆಲ್ಲ ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅದು ಎಪ್ಪತ್ತರ ದಶಕದ ಆರಂಭ. ನಮ್ಮ ಮನೆ ಶಿರ್ವದಲ್ಲಿ. ಅಪ್ಪ ತೀರಿಕೊಂಡಿದ್ದರು. ಅಣ್ಣ ಗಲ್ಫಿಗೆ ಹೋಗಬೇಕೆಂದು ಬೊಂಬಾಯಿಯಲ್ಲಿ ಕಾಯುತ್ತ ಕುಳಿತಿದ್ದ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಇಂಗ್ಲಿಷ್ ಸ್ವಲ್ಪ ಓದಲು ಬರುತ್ತಿತ್ತು. ಶಿರ್ವದಿಂದ ಕಾರ್ಕಳದ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಮನೆಯ ಮೇಲ್ವಿಚಾರಣೆಗೆ ಒಬ್ಬಳು ಬೇಕೆಂದು ಗೊತ್ತಾಗಿ ಅರ್ಜಿ ಹಾಕಿದೆ. ಬೀಜವನ್ನು ದೊಡ್ಡ ಡ್ರಮ್ಮಿನಲ್ಲಿ ಹುರಿದು, ಒಂದು ಶೆಡ್ಡಿನಲ್ಲಿ ಮರದ ಕೊಡತಿಯಿಂದ ಒಡೆದು, ತಿರುಳನ್ನು ಬಿಸಿಗೂಡಿನಲ್ಲಿ ಒಣಗಿಸಿ ನಾವು ಕೂರುತ್ತಿದ್ದ ದೊಡ್ಡ ಹಾಲಿಗೆ ತರುತ್ತಿದ್ದರು. ತಿರುಳಿನ ಮೇಲಿನ ಕೆಂಪು ಪೊರೆಯನ್ನು ಸಣ್ಣ ಚೂರಿಯಿಂದ ಬಿಡಿಸುವುದು, ಬಿಳಿಯ ಇಡೀ ತಿರುಳು, ತುಂಡು, ಕಂದಿದ್ದು ಎಂದು ಬೇರೆ ಮಾಡುವುದು ಇಲ್ಲಿನ ಕೆಲಸ. ಇದನ್ನೇ ಸಿಪ್ಪೆ ಮನೆ ಎನ್ನುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಹೆಂಗಸರು ನೆಲದ ಮೇಲೆ ಸಾಲಾಗಿ ಕುಳಿತು ಈ ಕೆಲಸ ಮಾಡುತ್ತಿದ್ದರು. ಎಲ್ಲರ ಕೈ ಒಟ್ಟಿಗೆ ಓಡುವಾಗ ಬಳೆಗಳ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.

ಮೊದಮೊದಲು ನನಗೆ ಆಶ್ಚರ್ಯವಾದದ್ದು ನಾವು ಒಡೆಯುತ್ತಿದ್ದ ಬೀಜದ ಹೆಚ್ಚಿನ ಪಾಲು ನಮ್ಮ ಊರಿನದಲ್ಲ ಎಂಬ ಸಂಗತಿ. ಅದು ಆಫ್ರಿಕದಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಲಾರಿಯಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಗೋಣಿಗಳ ಮೇಲೆ ನನಗೆ ಓದಲು ಬಾರದ ಅಕ್ಷರಗಳಿದ್ದವು. ಕಾರ್ಖಾನೆಯ ಲೆಕ್ಕಪತ್ರ, ಆಡಳಿತ ಎಲ್ಲ ನೋಡಿಕೊಳ್ಳುತ್ತಿದ್ದ ರೈಟರ್ ಹೆಗ್ಡೆಯವರು ಆಫೀಸಿನ ಗೋಡೆಯಲ್ಲಿ ಪ್ರಪಂಚದ ಒಂದು ನಕಾಶೆ ತೂಗಹಾಕಿದ್ದರು. ಒಂದು ದಿನ ಅದರ ಮುಂದೆ ನನ್ನನ್ನು ನಿಲ್ಲಿಸಿ, "ನೋಡಿ ಲಿಲ್ಲಿಬಾಯಿ, ಬೀಜ ಹುಟ್ಟಿದ್ದು ಇಲ್ಲಿ, ಅಂಗಿ ಕಳಚಿದ್ದು ನಮ್ಮಲ್ಲಿ, ಊಟಕ್ಕೆ ಹೋಗುವುದು ಅಲ್ಲಿ" ಎಂದು ಆಫ್ರಿಕದಿಂದ ಅಮೆರಿಕದವರೆಗೆ ಬೆರಳು ಎಳೆದರು. ಆ ಬೆರಳು ನಮ್ಮ ಊರಿನ ಮೇಲೆ ಒಂದು ಕ್ಷಣವೂ ನಿಲ್ಲಲಿಲ್ಲ. ಊರು ನಕಾಶೆಯಲ್ಲಿ ಇರಲೇ ಇಲ್ಲ.

ಆದರೆ ಆ ದಾರಿ ನಮ್ಮ ಊರಿನ ಮೂಲಕ ಹಾದುಹೋದದ್ದರಿಂದ ಏನಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಿರ್ವದಲ್ಲಿ ಗಲ್ಫಿನ ಹಣದಿಂದ ತಾರಸಿ ಮನೆಗಳು ಎದ್ದದ್ದು ಆಮೇಲೆ. ಅದಕ್ಕೆ ಮೊದಲೇ ಸುತ್ತಲಿನ ಎಷ್ಟೋ ಗುಡಿಸಲುಗಳ ಮುಳಿಹುಲ್ಲು ಹೋಗಿ ಹಂಚು ಬಂದದ್ದು ಈ ಹೆಂಗಸರ ಕೂಲಿಯಿಂದ. ಅಪ್ಪಿಯಕ್ಕನ ಗಂಡ ಬಹಳ ಹಿಂದೆಯೇ ಸತ್ತಿದ್ದ. ಅವಳು ಪೊರೆ ಬಿಡಿಸುತ್ತಲೇ ಇಬ್ಬರು ಗಂಡುಮಕ್ಕಳನ್ನು ಓದಿಸಿದಳು. ಸಂಪತ್ತು ಎಂದರೆ ನಾನು ಕಂಡದ್ದು ಇಂಥದ್ದು. ಕಾರ್ಖಾನೆಯ ಒಡೆಯರಾದ ದಣಿಗಳಿಗೆ ಅಂಬಾಸಿಡರ್ ಕಾರು ಬಂತು, ಅದೂ ಸಂಪತ್ತೇ, ಸುಳ್ಳು ಹೇಳಬಾರದು.

ಕೆಲವು ವರ್ಷ ಕಳೆದ ಮೇಲೆ ಆಫ್ರಿಕದ ಬೀಜ ಕಡಿಮೆಯಾಗತೊಡಗಿತು. ವಾರಕ್ಕೆ ಆರು ದಿನ ಇದ್ದ ಕೆಲಸ ನಾಲ್ಕಕ್ಕೆ ಇಳಿಯಿತು. ಒಂದು ಸಲ ಮಂಗಳೂರಿನಿಂದ ಮುಖ ಸಣ್ಣದು ಮಾಡಿಕೊಂಡು ಬಂದ ಹೆಗ್ಡೆಯವರು, "ಅಲ್ಲಿ ಅವರೇ ಕಾರ್ಖಾನೆ ಹಾಕುತ್ತಿದ್ದಾರಂತೆ. ಇನ್ನು ನಮಗೆ ಯಾಕೆ ಕೊಡುತ್ತಾರೆ?" ಎಂದರು.

ಅಪ್ಪಿಯಕ್ಕ ಚೂರಿ ನಿಲ್ಲಿಸದೆಯೇ ಹೇಳಿದಳು: "ಅವರಿಗೂ ಮಕ್ಕಳುಮರಿ ಉಂಟಲ್ವಾ? ಅವರ ಬೀಜ ಅವರು ಒಡೆಯಲಿ. ನಮಗೆ ಎಂತ ಉಂಟು, ಅದನ್ನು ನೋಡುವ."

ನಮಗೆ ಇದ್ದದ್ದು ಕಾರ್ಕಳದ ಕಡೆಯ ಗುಡ್ಡಗಳಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆದ ಗೇರುಮರಗಳು. ಹೆಗ್ಡೆಯವರು ಜೀಪು ಮಾಡಿಕೊಂಡು ಬೀಜ ಕೊಳ್ಳಲು ಹೊರಟರು. ಬೀಜದ ಗುಣ ನೋಡಲು ನಾನೂ ಹೋದೆ. ಮೊದಲ ಖರೀದಿಯಲ್ಲಿ ಅವರು ಗೋಣಿಯ ಬಾಯಿ ಬಿಚ್ಚಿ, ಮೇಲಿನ ಬೀಜಗಳನ್ನಷ್ಟೇ ಕತ್ತರಿಸಿ ನೋಡಿ, "ಎಂಥ ಬೀಜ! ನಾವು ಇಷ್ಟು ದಿನ ಸಮುದ್ರ ದಾಟಿ ಯಾಕೆ ಹುಡುಕಿದ್ದು?" ಎಂದು ಹಣ ಕೊಟ್ಟುಬಿಟ್ಟರು. ಕಾರ್ಖಾನೆಯಲ್ಲಿ ಸುರಿದಾಗ ಕೆಳಗಿನದೆಲ್ಲ ನೀರು ಕುಡಿಸಿ ತೂಕ ಏರಿಸಿದ ಮಾಲು. ಕೆಲವು ಬೀಜಗಳು ಮೊಳಕೆಯೊಡೆದಿದ್ದವು. ಹೆಗ್ಡೆಯವರು ಅದರಲ್ಲಿ ಒಂದನ್ನು ಹಿಡಿದು ಬಹಳ ಹೊತ್ತು ನೋಡಿ, "ಇದನ್ನು ನೆಟ್ಟರೆ ನಾಲ್ಕು ವರ್ಷದಲ್ಲಿ ಫಲ ಬರಬಹುದು" ಎಂದು ಹೇಳಿ ಒಳಗೆ ಹೋದರು. ಅಂದಿನಿಂದ ಗೋಣಿಯ ತಳಕ್ಕೆ ಕೈ ಹಾಕದೆ ನಾವು ಬೀಜ ಕೊಳ್ಳಲಿಲ್ಲ. ಹೊಸಬರು ಇದನ್ನೂ ನೆನಪಿಟ್ಟುಕೊಳ್ಳಬಹುದು.

ಹೀಗೆ ಕಷ್ಟಪಟ್ಟು ಕೆಲಸ ಮತ್ತೆ ಆರು ದಿನಕ್ಕೆ ಬರುವ ಹೊತ್ತಿಗೆ ಆ ಬಳೆಚೂರಿನ ಸುದ್ದಿ ಬಂತು.

ಎಪ್ಪತ್ತರ ದಶಕದ ಕೊನೆ ಇರಬೇಕು. ಮಳೆಗಾಲ ಮುಗಿದಿತ್ತು. ಬೆಳಿಗ್ಗೆ ದಣಿಗಳು ಕಾರ್ಕಳದಿಂದ ಬಂದು ನನ್ನನ್ನು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಒಂದು ಬಿಳಿ ಕಾಗದ, ಅದರ ಮೇಲೆ ಹಸಿರು ಗಾಜಿನ ಚೂರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಬಳೆಯದ್ದೆಂದು ಅದರ ಬಾಗು ನೋಡಿಯೇ ಗೊತ್ತಾಗುತ್ತಿತ್ತು.

"ಅಮೆರಿಕದಲ್ಲಿ ನಮ್ಮ ಡಬ್ಬದಲ್ಲಿ ಸಿಕ್ಕಿದ್ದು," ಎಂದರು ದಣಿಗಳು. "ತಿಂದವರ ವಸಡು ಸೀಳಿತಂತೆ. ಮುಂದಿನ ಮಾಲನ್ನು ಕಳಿಸಬೇಡಿ ಎಂದಿದ್ದಾರೆ. ಅವರ ಕಡೆಯವನೊಬ್ಬ ಬರುತ್ತಾನೆ, ನಮ್ಮ ಸಿಪ್ಪೆ ಮನೆ ನೋಡಲಿಕ್ಕೆ. ಅವನಿಗೆ ಸರಿ ಕಾಣದಿದ್ದರೆ ಆಯಿತು, ಮುಗಿಯಿತು."

ನಾನು ಚೂರನ್ನು ಬೆರಳ ತುದಿಯಿಂದ ತಿರುಗಿಸಿ ನೋಡಿದೆ.

"ಯಾರ ಕೈಯಿಂದ ಬಿದ್ದದ್ದು ಎಂದು ನಾನು ಕೇಳುವುದಿಲ್ಲ ಲಿಲ್ಲಿಬಾಯಿ. ಕೇಳಿ ಪ್ರಯೋಜನವೂ ಇಲ್ಲ. ನಾಳೆಯಿಂದ ಸಿಪ್ಪೆ ಮನೆಯೊಳಗೆ ಗಾಜಿನ ಬಳೆ ಬೇಡ. ಇದನ್ನು ನೀವೇ ಹೇಳಿ. ಹೆಗ್ಡೆಯವರು ಹೇಳಿದರೆ ಚೆನ್ನಾಗಿರುವುದಿಲ್ಲ."

"ಮದುವೆಯಾದವರು ಒಪ್ಪಲಿಕ್ಕಿಲ್ಲ."

"ಗೊತ್ತುಂಟು. ನನ್ನ ಮನೆಯಲ್ಲಿಯೂ ಬಳೆ ಹಾಕುವವರಿದ್ದಾರೆ. ಆದರೆ ಮಾಲು ಹಡಗು ಹತ್ತಬೇಕಲ್ಲ. ಹತ್ತದಿದ್ದರೆ ಎಲ್ಲರೂ ಮನೆಯಲ್ಲಿ ಕೂರುವುದು."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಹಾಲಿನ ಮಧ್ಯದಲ್ಲಿ ನಿಂತು ಹೇಳಿದೆ. ಚೂರಿಗಳು ನಿಂತವು. ಮದುವೆಯಾಗಿ ಇನ್ನೂ ಎರಡು ವರ್ಷವಾಗದ ಸುಮತಿ ಎಂಬ ಹುಡುಗಿ ಮೊದಲು ಎದ್ದು ನಿಂತಳು. ಅವಳು ದಿನಾ ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ಮೀನಿನ ಬೋಟಿನಲ್ಲಿ ಕೆಲಸಕ್ಕಿದ್ದ. ಅವಳ ಅಕ್ಕನ ಗಂಡನೂ ಹಾಗೆಯೇ ದುಡಿಯುತ್ತಿದ್ದವನು. ಹಿಂದಿನ ವರ್ಷ ಸಮುದ್ರಕ್ಕೆ ಹೋದವನು ಮರಳಿ ಬಂದಿರಲಿಲ್ಲ.

"ಬಾಯಮ್ಮ, ಹೋದ ವರ್ಷ ನನ್ನ ಅಕ್ಕನ ಕೈ ಬರಿದಾಯಿತು," ಎಂದಳು. ದನಿ ಏರಿಸಲಿಲ್ಲ. "ನನ್ನ ಗಂಡ ಈಗ ನೀರಿನ ಮೇಲಿದ್ದಾರೆ. ನನ್ನ ಕೈಯಿಂದ ನಾನೇ ಬಳೆ ತೆಗೆಯುವುದಿಲ್ಲ. ಬೇರೆ ಎಂತ ಬೇಕಾದರೂ ಹೇಳಿ."

ಹಿಂದಿನ ಸಾಲಿನಿಂದ ಯಾರೋ, "ಬಾಯಮ್ಮನಿಗೆ ಎಂತ, ಕೈಯಲ್ಲಿ ವಾಚು ಮಾತ್ರ" ಎಂದರು.

ಆ ಮಾತು ನನ್ನನ್ನು ಮನೆಯವರೆಗೂ ಬೆನ್ನಟ್ಟಿತು. ನಮ್ಮವರಲ್ಲಿಯೂ ಮದುಮಗಳಿಗೆ ಗಾಜಿನ ಬಳೆ ಇಡಿಸುತ್ತಾರೆ. ಗಂಡ ಸತ್ತಾಗ ಶವಪೆಟ್ಟಿಗೆಯ ಅಂಚಿಗೆ ತಾಗಿಸಿ ಒಡೆಯುತ್ತಾರೆ. ಅಪ್ಪ ಹೋದ ದಿನ ನಾನು ಅಮ್ಮನ ಪಕ್ಕದಲ್ಲೇ ನಿಂತಿದ್ದೆ. ಅತ್ತೆ ಅಮ್ಮನ ಎರಡೂ ಕೈ ಹಿಡಿದು ಪೆಟ್ಟಿಗೆಗೆ ಕುಟ್ಟಿದಾಗ ಆದ ಸದ್ದು ನನಗೆ ಅಪ್ಪನ ಮುಖಕ್ಕಿಂತ ಚೆನ್ನಾಗಿ ನೆನಪಿದೆ. ಆ ದಿನ ಊಟಕ್ಕೆ ಕುಳಿತಾಗ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ, "ದಣಿಗಳು ಕೆಟ್ಟವರಲ್ಲ. ಆ ಹೆಣ್ಣೂ ಸರಿಯೇ ಹೇಳಿದ್ದು. ನೀನು ಎಂತ ಮಾಡುತ್ತಿ ಮಗಾ?" ಎಂದಳು.

ಮರುದಿನ ಬಳೆ ಹಾಕಿದವರೆಲ್ಲ ಗೇಟಿನ ಹೊರಗೆ ಗೇರುಮರದ ಕೆಳಗೆ ಕುಳಿತರು. ಒಳಗೆ ಬಂದವರು ಬಳೆ ಕಳಚಿಟ್ಟು ಬಂದ ಮದುವೆಯಾಗದ ಹುಡುಗಿಯರು ಮತ್ತು ಗಂಡ ಸತ್ತವರು, ಎರಡೇ ಬಗೆಯವರು. ಅಷ್ಟು ದೊಡ್ಡ ಹಾಲಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕುಳಿತು ಚೂರಿ ಹಿಡಿದರು. ಒಂದು ಬಳೆಯ ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪಿಯಕ್ಕ ತಲೆ ಎತ್ತಿ ಸುತ್ತ ನೋಡಿದಳು. ಯಾರು ಯಾರು ಕುಳಿತಿದ್ದಾರೆ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಚೂರಿ ಕೆಳಗಿಟ್ಟಳು.

"ಗಂಡ ಸತ್ತವರು ಯಾರು ಎಂದು ಹೀಗೆ ಬೇರೆ ಮಾಡಿ ತೋರಿಸುವುದು ಬೇಡ ಬಾಯಮ್ಮ," ಎಂದಳು. "ಇಷ್ಟು ವರ್ಷ ಇಲ್ಲಿ ಕೂತದ್ದು, ಒಂದು ದಿನವೂ ನನಗೆ ಹಾಗೆ ಕಾಣಲಿಲ್ಲ."

ಅವಳು ಎದ್ದು ಹೋಗಿ ಸುಮತಿಯ ಪಕ್ಕದಲ್ಲಿ ಕುಳಿತಳು. ಅವಳ ಹಿಂದೆ ಉಳಿದವರೂ ಹೋದರು. ನಾನೊಬ್ಬಳೇ ಉಳಿದೆ. ಮೂವತ್ತು ವರ್ಷಕ್ಕೂ ಮೀರಿದ ನನ್ನ ಕೆಲಸದಲ್ಲಿ ಅಂಥ ಖಾಲಿ ಹಾಲನ್ನು ಮತ್ತೆ ಕಾಣಲಿಲ್ಲ.

ಹೆಗ್ಡೆಯವರು ಹೊರಗೆ ಹೋಗಿ ಮಾತಾಡಿದರು. ಗಾಜಿನ ಬದಲು ಲೋಹದ ಬಳೆ ಹಾಕಿ ಎಂದರು. ಹೊಸದು ಹಾಕಬೇಕಾದರೂ ಇದ್ದದ್ದನ್ನು ತೆಗೆಯಬೇಕಲ್ಲ ಎಂದರು ಹೆಂಗಸರು. ಬಳೆಯ ಮೇಲೆ ಪ್ಲಾಸ್ಟರ್ ಸುತ್ತಿ ಎಂದರು ಹೆಗ್ಡೆಯವರು. ಒಬ್ಬಳು ಸುತ್ತಿ ನೋಡಿದಳು, ಬೆವರಿಗೆ ಸ್ವಲ್ಪ ಹೊತ್ತಿನಲ್ಲೇ ಕಳಚಿತು. "ಆ ಪ್ಲಾಸ್ಟರೇ ಡಬ್ಬಕ್ಕೆ ಬಿದ್ದರೆ ಮತ್ತೊಂದು ಕಾಗದ ಬರುತ್ತದೆ" ಎಂದು ಹೆಗ್ಡೆಯವರೇ ಕೈಬಿಟ್ಟರು.

ಅದರ ಮರುದಿನ ಎಲ್ಲರೂ ಒಳಗೆ ಬಂದರು. ಕೂಲಿಯಿಲ್ಲದೆ ಕೂರುವ ಶಕ್ತಿ ಯಾರಿಗೂ ಇರಲಿಲ್ಲ. ನಾನು ನೋಡುತ್ತೇನೆ, ಬಳೆ ಯಾರ ಕೈಯಲ್ಲೂ ಕಾಣುವುದಿಲ್ಲ. ಬದಲಿಗೆ ಮಣಿಕಟ್ಟಿನಿಂದ ಮೇಲಕ್ಕೆ ಹಳೆಯ ಸೀರೆಯ ತುಂಡು ಬಿಗಿಯಾಗಿ ಸುತ್ತಿದೆ. ಯಾರೋ ಬಸ್ಸಿನಲ್ಲಿ ಮಾತಾಡಿಕೊಂಡು ಮಾಡಿದ ಉಪಾಯ. ಹೆಗ್ಡೆಯವರಿಗೆ ಸಿಟ್ಟು ಬಂತು.

"ಇದೆಂತ ಕಣ್ಣುಕಟ್ಟು ಲಿಲ್ಲಿಬಾಯಿ? ಒಳಗೆ ಬಳೆ ಉಂಟು. ನಮ್ಮನ್ನು ಮಂಗ ಮಾಡುವುದಾ?"

ನಾನು ಸುಮತಿಯ ಕೈ ಹಿಡಿದು ಅಲುಗಿಸಿದೆ. ಸದ್ದು ಬರಲಿಲ್ಲ. ನೆಲಕ್ಕೆ ಮೆಲ್ಲಗೆ ಕುಟ್ಟಿದೆ. ಬಟ್ಟೆ ಬಿಚ್ಚಿಸಿ ನೋಡಿದೆ. ಬಳೆಗಳು ಹಾಗೆಯೇ ಇದ್ದವು.

"ಸರ್, ಬಳೆ ಒಡೆದರೂ ಚೂರು ಬಟ್ಟೆಯೊಳಗೇ ಉಳಿಯುತ್ತದೆ," ಎಂದೆ. "ಅವರು ನಮ್ಮಿಂದ ಮುಚ್ಚಿಡಲು ಮಾಡಿದ್ದು. ಆದರೆ ನಮಗೆ ಬೇಕಾದದ್ದೂ ಅದೇ ಅಲ್ವಾ?"

ಹೆಗ್ಡೆಯವರು ಸುಮತಿಯ ಕೈಯನ್ನು ಮುಟ್ಟದೆ, ಬಗ್ಗಿ ನೋಡಿ, "ನೂಲು ಬಿಟ್ಟುಕೊಳ್ಳುತ್ತಿದೆ. ಸರಿಯಾಗಿ ಹೊಲಿದರೆ ಆಗಬಹುದು" ಎಂದರು.

ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ನಾನು ಹೊಲಿಗೆ ಯಂತ್ರದ ಮುಂದೆ ಕುಳಿತೆ. ಅಷ್ಟರಲ್ಲಿ ಅಣ್ಣ ಗಲ್ಫಿನಲ್ಲಿ ಕೆಲಸ ಹಿಡಿದಿದ್ದ. ಅವನ ಮೊದಲ ಹಣದಿಂದ ಕೊಂಡ ಯಂತ್ರ ಅದು. ಬಿಳಿ ಬಟ್ಟೆಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗಿನ, ಅಂಗಿಗಿರುವಂಥ ತೋಳು ಹೊಲಿದು, ತುದಿಗೆ ಅಂದವಾಗಿ ಎರಡೆರಡು ಬಟನ್ ಇಟ್ಟೆ. ಬಹಳ ಹೆಮ್ಮೆಯಿಂದ ತಂದು ತೋರಿಸಿದೆ. ಹೆಗ್ಡೆಯವರು ತಿರುಗಿಸಿ ಮುರುಗಿಸಿ ನೋಡಿ, "ಚೆಂದ ಉಂಟು. ಬಟನ್ ಬಿದ್ದರೆ?" ಎಂದು ಕೇಳಿದರು. ಇಡೀ ಹಾಲು ನಕ್ಕಿತು. ಎಷ್ಟೋ ದಿನಗಳ ನಂತರ ಅಲ್ಲಿ ಕೇಳಿದ ನಗು ಅದು. ನನ್ನ ಮೇಲೆ ನಕ್ಕದ್ದಾದರೂ ನನಗೆ ಹಗುರಾಯಿತು. ಬಟನ್ ಕಿತ್ತು ಎರಡೂ ತುದಿಗೆ ಇಲಾಸ್ಟಿಕ್ ಸೇರಿಸಿದೆವು. ಉಳಿದವನ್ನು ಶಿರ್ವದ ಟೈಲರ್ ಹೊಲಿದುಕೊಟ್ಟ. ಬಳೆ ಇಲ್ಲದವರಿಗೂ ಒಂದೊಂದು ಜೊತೆ ಬೇಕೆಂದು ನಾನು ಹಟ ಹಿಡಿದೆ. ಯಾಕೆ ಎಂದು ದಣಿಗಳು ಕೇಳಿದರು. ಹೇಳಿದೆ. ಅವರು ಒಪ್ಪಿದರು. ಅಪ್ಪಿಯಕ್ಕನೂ ತೋಳು ಹಾಕಿಕೊಂಡು ಕುಳಿತಳು. ಯಾರ ಕೈಯಲ್ಲಿ ಏನಿದೆ ಎಂದು ಇನ್ನು ಯಾರಿಗೂ ಕಾಣುತ್ತಿರಲಿಲ್ಲ.

ಬರಬೇಕಾದವನು ಬಂದ. ಎತ್ತರದ ಬಿಳಿಯ ಮನುಷ್ಯ, ಜೊತೆಗೆ ಬೊಂಬಾಯಿಯ ದಲ್ಲಾಳಿ. ಮಣಿಪಾಲದಲ್ಲಿ ಉಳಿದುಕೊಂಡಿದ್ದರು. ಉಡುಪಿಯಲ್ಲಿ ತಿಂಡಿ ಮುಗಿಸಿ ಬಂದಿದ್ದ ಆತ ಮೊದಲು ಹೊಗಳಿದ್ದು ದೋಸೆಯನ್ನು. ಅದು ಒಳ್ಳೆಯ ಲಕ್ಷಣ ಎಂದು ಹೆಗ್ಡೆಯವರು ನನ್ನ ಕಿವಿಯಲ್ಲಿ ಹೇಳಿದರು. ಒಳಗೆ ಬಂದ ಮೇಲೆ ಆತ ನಗಲಿಲ್ಲ. ಡ್ರಮ್ಮಿನ ಹೊಗೆಗೆ ಕೆಮ್ಮುತ್ತಲೇ ಎಲ್ಲ ನೋಡಿದ. ಸಿಪ್ಪೆ ಮನೆಯಲ್ಲಿ ಸಾಲುಗಳ ನಡುವೆ ಮೆಲ್ಲಗೆ ನಡೆದು ಸುಮತಿಯ ಮುಂದೆ ನಿಂತ. ಇನ್ನೂರು ಜನರಲ್ಲಿ ಅವಳೇ ಯಾಕೆ ಸಿಕ್ಕಿದಳೋ. ತೋಳಿನ ಕಡೆ ಬೆರಳು ಮಾಡಿ, ಒಳಗೆ ಏನಿದೆ ಎಂದು ಕೇಳಿದ.

ಮುಚ್ಚಿಡುವುದು ಬೇಡ ಎನಿಸಿತು. ನನ್ನ ಅರೆಬರೆ ಇಂಗ್ಲಿಷಿನಲ್ಲಿ ಒಳಗೆ ಬಳೆ ಇದೆ ಎಂದೆ. ದಣಿಗಳ ಮುಖ ಬಿಳಿಚಿತು.

"ತೆಗೆಯಲು ಯಾಕೆ ಹೇಳಲಿಲ್ಲ?" ಎಂದ ಆತ.

"ಹೇಳಿದೆವು. ಇವಳ ಗಂಡ ಸಮುದ್ರದಲ್ಲಿದ್ದಾನೆ. ಅವನು ಬದುಕಿರುವ ತನಕ ಅವಳು ತೆಗೆಯುವುದಿಲ್ಲ. ಅದಕ್ಕೆ ಹೊರಗೆ ಬೀಳದ ಹಾಗೆ ಮಾಡಿದ್ದೇವೆ."

ಸುಮತಿಗೆ ಮಾತು ಅರ್ಥವಾಗದಿದ್ದರೂ ವಿಷಯ ತಿಳಿಯಿತು. ಅವಳೇ ಕೈ ಮುಂದೆ ಚಾಚಿದಳು. ಆತ ಇಲಾಸ್ಟಿಕ್ಕನ್ನು ಎಳೆದು ಬಿಟ್ಟು ನೋಡಿದ. ಇನ್ನೊಮ್ಮೆ ಎಳೆದ. ಆಮೇಲೆ ದಣಿಗಳ ಕಡೆ ತಿರುಗಿ, ಇವನ್ನು ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ ಎಂದು ಕೇಳಿದ.

ಒಗೆಯುವ ಯೋಚನೆ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ.

"ದಿನಾಲೂ," ಎಂದರು ದಣಿಗಳು, ರೆಪ್ಪೆ ಕೂಡ ಅಲುಗಿಸದೆ.

ಆತ ತಲೆಯಾಡಿಸಿದ. ಕಾರು ಗೇಟು ದಾಟಿದ ಕೂಡಲೇ ದಣಿಗಳು, "ಹೆಗ್ಡೆಯವರೇ, ಇನ್ನೊಂದೊಂದು ಜೊತೆ ಹೊಲಿಸಿ. ಇವತ್ತೇ. ಒಗೆಯಲಿಕ್ಕೆ ಒಬ್ಬರನ್ನು ಹಾಕಿ" ಎಂದರು. ಅಂದು ಆಡಿದ ಆ ಒಂದು ಸುಳ್ಳನ್ನು ಅವರು ಕೊನೆಯವರೆಗೂ ನಿಜ ಮಾಡಿ ನಡೆಸಿದರು.

ಆತ ಹೌದೆಂದೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ. ಗೋದಾಮಿನಲ್ಲಿ ಡಬ್ಬಗಳು ಅಟ್ಟಿಯಾಗಿ ಕುಳಿತಿದ್ದವು. ಒಡೆಯುವ ಶೆಡ್ಡು ನಿಂತಿತು. ಹೊಸ ಬೀಜ ಹುರಿಯಲು ದಣಿಗಳಿಗೆ ಧೈರ್ಯವಿರಲಿಲ್ಲ. ನಮ್ಮ ಹಾಲಿನಲ್ಲಿ ಉಳಿದ ತಿರುಳೂ ಮುಗಿಯುತ್ತ ಬಂತು. ಬೇಗ ಮುಗಿಯಬಾರದೆಂದು ಹೆಂಗಸರು ತಮಗೆ ತಾವೇ ಕೈ ನಿಧಾನ ಮಾಡಿದ್ದನ್ನು ನಾನು ಕಂಡೆ. ಕಂಡೂ ಸುಮ್ಮನಿದ್ದೆ.

ಒಂದು ಶನಿವಾರ ಮಧ್ಯಾಹ್ನ ಹೆಗ್ಡೆಯವರು ಹಾಲಿನ ಬಾಗಿಲಿಗೆ ಬಂದರು. ಅವರು ಎಂದೂ ಓಡಿದವರಲ್ಲ. ಅಂದು ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಟೆಲಿಗ್ರಾಂ ಬಂತು ಲಿಲ್ಲಿಬಾಯಿ. ಮಾಲು ಕಳಿಸಿ ಎಂದಿದ್ದಾರೆ. ಮುಂದಿನದಕ್ಕೂ ಒಪ್ಪಿದ್ದಾರೆ," ಎಂದವರು ಬಾಗಿಲಿನ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು.

ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಯಾರೂ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಸುಮತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪಿಯಕ್ಕ ಮಾತ್ರ ತಲೆ ಎತ್ತಿ ನೋಡಿದಳು.

"ಹಾಗಾದರೆ ಸೋಮವಾರ ಕೆಲಸ ಉಂಟಾ ಬಾಯಮ್ಮ?"

"ಉಂಟು," ಎಂದೆ.

ಅವಳು ಮುಂದಿನ ತಿರುಳನ್ನು ಎತ್ತಿಕೊಂಡಳು. ಒಂದೊಂದೇ ಸಾಲಿನಲ್ಲಿ ಕೈಗಳು ಮತ್ತೆ ಮೊದಲಿನ ವೇಗಕ್ಕೆ ಬಂದವು.